ಚಾರ್ಟಿನ ಕೆಳಗಿನ ಕೋಲು

ಅರವತ್ತರ ದಶಕದ ಮಾತು. ಎರಡು ದೇಶಗಳು ವರ್ಷವರ್ಷಕ್ಕೆ ಹೊರಗಿನಿಂದ ಎಷ್ಟೆಷ್ಟು ಸೌದೆ ತರಿಸಿಕೊಂಡವು ಅನ್ನೋ ಚಾರ್ಟೊಂದನ್ನು ಹಾಸನದಲ್ಲಿ ಬರೆಸಿಕೊಂಡು, ಚನ್ನರಾಯಪಟ್ಟಣದ ನಮ್ಮ ಸ್ಕೂಲಿಗೆ ಬಸ್ಸಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ರೈತನ ಕಾಲ ಬಳಿ ಪುಟ್ಟದೊಂದು ಸೌದೆ ಹೊರೆ.

“ಅದೇನ್ ಸಾ, ಪಟವಾ?” ಅಂದ.

ಭೂಗೋಳದ ಮೇಷ್ಟ್ರು ಬಿಡ್ತಾರಾ? ಪೂರ್ತಿ ಬಿಡಿಸಿ ತೋರಿಸಿದೆ. ಒಂದು ದೇಶದ ಕೆಂಪು ಗೆರೆ ಏರುತ್ತಾ ಹೋಗಿತ್ತು, ಇನ್ನೊಂದರ ನೀಲಿ ಗೆರೆ ಇಳಿದಿತ್ತು.

“ಈ ಕೆಂಪಿನೋರು ಯಾಕಂಗೆ ತರುಸ್ತಾರೆ?”

“ಇದ್ದ ಮರಾನೆಲ್ಲ ಕಡಿದುಕೊಂಡ ದಡ್ಡರು ಕಣಯ್ಯ,” ಅಂತ ನಕ್ಕೆ. ಅಷ್ಟಕ್ಕೇ ಸುಮ್ಮನಾಗದೆ, “ನೀನೂ ಹಾಸನದಿಂದ ಸೌದೆ ಹೊರ್ತಿದೀಯಲ್ಲ, ನಿಮ್ಮೂರಲ್ಲಿ ಮರ ಇಲ್ವಾ?” ಅಂದೆ.

“ತ್ವಾಪು ಕಡ್ದು ವರ್ಸಗಳಾದೊ ಸಾ. ಬೆಳಿಗ್ಗೆ ನಮ್ಮಕ್ಕ ತೀರ್ಕಂಡ್ಲು. ಮುಂಚೆ ಯಾರಾನಾ ಸತ್ರೆ ಮನೆಗೊಂದು ಸೌದೆ ಕೊಡೋರು. ಈಗ ಬೆರಣಿ ಕೊಡ್ತಾರೆ. ಬೆರಣಿ ಮ್ಯಾಲಾದ್ರೂ ನಾಕು ಸೌದೆ ಇರ್ಲಿ ಅಂತ ತಗಂಡೆ. ಕಂಡಕ್ಟ್ರು ಇಷ್ಟೇ ಬುಟ್ಟಿದ್ದು.”

ನಾನು ಚಾರ್ಟು ಸುತ್ತಿಕೊಂಡೆ. ದಂಡಿಗನಹಳ್ಳಿ ಹತ್ತಿರ ಅವನು ಇಳಿಯುವಾಗ ಚಾರ್ಟಿನ ಕೆಳಗಿನ ಮರದ ಕೋಲು ಕಿತ್ತು ಕೊಟ್ಟೆ. ನನ್ನ ಹತ್ತಿರ ಇದ್ದ ಸೌದೆ ಅದೇ. ಅವನು ಬೇಡ ಅನ್ನಲಿಲ್ಲ. ಕಣ್ಣಿಗೊತ್ತಿಕೊಂಡು ಹೊರೆಗೆ ಸಿಕ್ಕಿಸಿಕೊಂಡ.

ಮಾರನೇ ದಿನ ಕ್ಲಾಸಲ್ಲಿ ತೂಗುಹಾಕಿದರೆ ಚಾರ್ಟು ನಿಲ್ಲಲೇ ಇಲ್ಲ. ಕೆಳಗಿಂದ ಸುರುಳಿ ಸುತ್ತಿಕೊಂಡು ಎರಡೂ ದೇಶಗಳನ್ನು ಮುಚ್ಚಿಬಿಡುತ್ತಿತ್ತು. ಕೈಯಲ್ಲಿ ಹಿಡಿದುಕೊಂಡೇ ಪಾಠ ಮಾಡಿದೆ, ದಡ್ಡರು ಅನ್ನೋ ಮಾತೊಂದನ್ನು ಬಿಟ್ಟು.