ಮನೆಯವರ ಒಪ್ಪಿಗೆ

ಮೊನ್ನೆ ಮಧ್ಯಾಹ್ನ ಫೋನಿನಲ್ಲಿ ಬಂದ ಧ್ವನಿ ಅತಿ ವಿನಯದಿಂದ ಕೂಡಿತ್ತು; ಅದಕ್ಕೇ ನನಗೆ ಗುಮಾನಿ ಬಂತು. ನೀವು ನಗಬಹುದು. ಆದರೆ ದೊಡ್ಡ ಹುದ್ದೆಯ ಗಂಡಸರು ಕಾರಣವಿಲ್ಲದೆ ನನ್ನ ಮೊಣಕಾಲಿನ ಯೋಗಕ್ಷೇಮ ವಿಚಾರಿಸುವುದಿಲ್ಲವೆಂಬುದನ್ನು, ಆಸ್ಪತ್ರೆಯಲ್ಲಿ ದುಡಿದೇ ಮುದುಕಿಯಾದ ನಾನು ಬಲ್ಲೆ. ಮಾತನಾಡುತ್ತಿದ್ದವರು ನನ್ನ ಸೊಸೆ ಡಾಕ್ಟರ್ ಶೈಲಾಳ ಆಸ್ಪತ್ರೆಯ ಅಧ್ಯಕ್ಷರು. ಬೆಳಗಾವಿಯ ಆಸ್ಪತ್ರೆಗೂ ಅದರ ಖಾನಾಪುರದ ಶಾಖೆಗೂ ಅವಳನ್ನೇ ಮುಖ್ಯಸ್ಥೆಯನ್ನಾಗಿ ಮಾಡುವ ವಿಚಾರವಿದೆಯಂತೆ.

"ಮೇಡಂ ಅವರನ್ನ ಕೇಳೂಕಿಂತ ಮೊದಲ ಮನಿ ಹಿರ್ಯಾರನ್ನ ಕೇಳೂಣು ಅಂದ್ಕೊಂಡೇನ್ರೀ," ಎಂದರು.

ಈ ಸೌಜನ್ಯದ ಪರಿಚಯ ನನಗೆ ಹಳೆಯದು. ಬೇರೊಂದು ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್ ಆಗಿದ್ದಾಗ ಸೂಪರಿಂಟೆಂಡೆಂಟ್ ಹುದ್ದೆ ತೆರವಾಯಿತು. ಅಲ್ಲಿಯ ಅಧ್ಯಕ್ಷರು ನಾಲ್ಕು ಕೋಣೆಗಳಾಚೆ ಇದ್ದ ನನ್ನನ್ನು ಕೇಳಲಿಲ್ಲ. ಪೇಟೆಯವರೆಗೆ ಹೋಗಿ, ನಮ್ಮ ಯಜಮಾನರ ಬಟ್ಟೆ ಅಂಗಡಿಯಲ್ಲಿ ಚಹಾ ಕುಡಿದು ಬಂದರು. ಹುದ್ದೆ, ನಾನೇ ಕೆಲಸ ಕಲಿಸಿದ್ದ ಒಬ್ಬರಿಗೆ ಹೋಯಿತು. ಕಾರಣ ಕೇಳಿದ್ದಕ್ಕೆ ತುಂಬಿದ ಸಭೆಯಲ್ಲಿ ಉತ್ತರ ಬಂತು: "ನಿಮ್ಮ ಮನಿಯವರ ಬ್ಯಾಡ ಅಂದಾರ್ರೀ ಸಿಸ್ಟರ್, ನಾವೇನ್ ಮಾಡೂಣು?"

ಯಾರು ನಕ್ಕರು, ಯಾರು ನಗದೆ ಬಿಸ್ಕೀಟು ತಿಂದರು, ಇಂದಿಗೂ ಹೇಳಬಲ್ಲೆ. ನಕ್ಕವರಲ್ಲೊಬ್ಬರು ಶಿವಬಸವ ನಗರದ ನಮ್ಮ ಓಣಿಯಲ್ಲೇ ಇದ್ದಾರೆ. ಅವರ ಮಗಳ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಉಣ್ಣದೆ ಬಂದೆ. ಅದನ್ನು ಅವರು ಗಮನಿಸಲೇ ಇಲ್ಲವೆಂಬುದು ಬೇರೆಯ ಮಾತು. ಆ ಸಭೆಯ ದಿನ ಸಂಜೆ ಯಜಮಾನರು ಶಾಂತವಾಗಿ, "ನಿನ್ನ ಒಳ್ಳೇದಕ್ಕ ಹೇಳೇನಿ," ಎಂದರು. ಅವರು ಈಗಿಲ್ಲ. ಆ ಮಾತು ಇದೆ.

ಇಷ್ಟೆಲ್ಲ ನೆನಪಿಟ್ಟುಕೊಂಡವಳು ಥಟ್ಟನೆ ಉತ್ತರಿಸಬೇಕಿತ್ತಲ್ಲವೇ? ಉತ್ತರಿಸಲಿಲ್ಲ. ಮೊಮ್ಮಗಳು ಇನ್ನೂ ಚಿಕ್ಕವಳು. ಮಗನಿಗೆ ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಮಳೆಗಾಲದ ಖಾನಾಪುರದ ರಸ್ತೆ ನೆನೆದರೇ ಭಯ. ಶೈಲಾಳ ಒಳ್ಳೆಯದಕ್ಕೇ ಬೇಡವೆನ್ನಬಾರದೇಕೆ ಎಂಬ ಮಾತು ನನ್ನದೇ ನಾಲಿಗೆಯ ತುದಿಗೆ ಬಂದು ಕುಳಿತಿತ್ತು.

"ತ್ರಾಸ ಆಗತೈತಿ ಅಂದ್ರ ಹೇಳ್ರೀ, ಬ್ಯಾರೇದವರು ಅದಾರ," ಎಂದರು ಅಧ್ಯಕ್ಷರು.

"ಆಕೀ ನಂಬರ್ ಬರಕೋರಿ," ಎಂದೆ.

ಅಷ್ಟು ಹೊತ್ತಿನ ನನ್ನ ಮೌನವನ್ನು ಅವರು ಹೇಗೆ ಅರ್ಥಮಾಡಿಕೊಂಡರೋ ಎಂಬ ಚಿಂತೆಯಲ್ಲಿ ಮಧ್ಯಾಹ್ನವಿಡೀ ಕಳೆಯಿತು. ಸಂಜೆ ಶೈಲಾ ಮನೆಗೆ ಬಂದ ಮೇಲೆ ಅವಳ ಫೋನು ರಿಂಗಾಯಿತು. ಸ್ವಲ್ಪ ಹೊತ್ತು ಕೇಳಿ, ಫೋನಿನ ಮೇಲೆ ಅಂಗೈಯಿಟ್ಟು ನನ್ನತ್ತ ತಿರುಗಿದಳು.

"ಅತ್ತ್ಯಾರ, ವಾರದಾಗ ಎರಡು ದಿನ ಖಾನಾಪುರದಾಗ ಉಳೀಬೇಕಂತ. ಹೂಂ ಅನ್ಲೇನ್ರೀ?"

"ನನ್ನ ಕೇಳಬ್ಯಾಡ. ಏನಂದಿ ಅಂತ ಆಮ್ಯಾಲ ಹೇಳು."

ಮಗುವನ್ನು ಕರೆದುಕೊಂಡು ಅಂಗಳಕ್ಕೆ ಬಂದೆ. ಕಿಟಕಿ ತೆರೆದಿತ್ತು, ಕಿವಿ ಒಳಗೇ ಎಳೆಯುತ್ತಿತ್ತು. ಗೇಟು ದಾಟಿ ರಸ್ತೆಯಲ್ಲಿ ನಿಂತೆ. ಬಹಳ ಹೊತ್ತಿನ ಮೇಲೆ ಶೈಲಾ ಹೊರಬಂದು, ಹೂಂ ಎಂದೆನೆಂದಳು.

"ಚಲೋ ಆತು," ಎಂದೆ. "ಆರ್ಡರ್ ಬರದು ಯಾವಾಗ ಕೊಡ್ತಾರಂತ?"

ಅವಳು ನಕ್ಕಳು. ನಾನು ನಗಲಿಲ್ಲ.