ಅಮ್ಮನ ಕಾಲು ಬಿಡಿಸಿಕೊಟ್ಟ ಟೈಪಿಂಗ್ ಸಾಹೇಬರು

ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಟೈಪ್ ಮಾಡುವಾಗಲೂ, ಟೀ ಲೋಟ ಹಿಡಿದಾಗಲೂ, ಯಾರಿಗಾದರೂ ಕೈಮುಗಿಯುವಾಗಲೂ ಅದೊಂದು ಬೆರಳು ನೆಟ್ಟಗೆ ನಿಂತಿರುತ್ತಿತ್ತು. ಪ್ರಾಯದಲ್ಲಿ ತಮ್ಮ ಮೊದಲ ಟೈಪಿಂಗ್ ಮಷೀನನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ಅದು ಜಾರಿ, ಗೋಡೆಗೂ ಮಷೀನಿಗೂ ನಡುವೆ ಬೆರಳು ಸಿಕ್ಕಿಕೊಂಡಿತ್ತಂತೆ. "ಕೈ ಬಿಟ್ಟಿದ್ರೆ ಬೆರಳು ಉಳೀತಿತ್ತು, ಮಷೀನ್ ಹೋಗ್ತಿತ್ತು. ನಾನು ಬಿಡ್ಲಿಲ್ಲ ಕಣ್ರೀ," ಎಂದು ಹೇಳಿ ನಗುತ್ತಿದ್ದರು. ಹಿಡಿದದ್ದನ್ನು ಬಿಡುವ ಜಾತಿಯೇ ಅಲ್ಲ ಆ ಮನುಷ್ಯ.

ತಿಪಟೂರಿನಲ್ಲಿ ರೈಲ್ವೆ ಸ್ಟೇಷನ್ ಕಡೆ ಹೋಗುವ ಬೀದಿಯಲ್ಲಿ, ಒಂದು ಕೊಬ್ಬರಿ ಗೋಡೌನಿನ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಇಪ್ಪತ್ತೆರಡು ಮೆಟ್ಟಿಲು. ಊರೆಲ್ಲ ಅವರನ್ನು ಟೈಪಿಂಗ್ ಸಾಹೇಬರು ಎಂದೇ ಕರೆಯುತ್ತಿತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ನಾನೂ ಅಲ್ಲಿ ಆರು ತಿಂಗಳು ಕುಟ್ಟಿದ್ದೇನೆ. ನಮ್ಮ ಕೈಗಳ ಮೇಲೆ ಕರ್ಚೀಫು ಹೊದಿಸಿ, ಕೀ ನೋಡದೆ ಹೊಡೆಯಿರಿ ಎನ್ನುವರು. ತಪ್ಪು ಬಿದ್ದ ಅಕ್ಷರವನ್ನು ಯಾರಾದರೂ ರಬ್ಬರಿನಿಂದ ಉಜ್ಜುವುದು ಕಂಡರೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಉಜ್ಜಬೇಡಿ. ಉಜ್ಜಿದ ಜಾಗ ಎಲ್ಲರಿಗೂ ಕಾಣುತ್ತೆ. ಹೊಸ ಹಾಳೆ ಹಾಕಿ." ಹಾಳೆಗೆ ಕಾಸು ಕೊಡುತ್ತಿದ್ದವರು ನಮ್ಮಪ್ಪ. ಹಾಗಾಗಿ ನಾನು ಒಳಗೊಳಗೇ ಸಾಹೇಬರನ್ನು ಬೈದುಕೊಳ್ಳುತ್ತಿದ್ದೆ.

ಆಮೇಲೆ ನನಗೆ ದಬ್ಬೇಘಟ್ಟದ ಕಡೆ ಟೀಚರ್ ಕೆಲಸ ಸಿಕ್ಕಿತು. ಕಂಪ್ಯೂಟರ್ ಬಂತು, ಸಾಹೇಬರ ಮಷೀನುಗಳು ಒಂದೊಂದಾಗಿ ಗುಜರಿಗೆ ಹೋದವು. ಬೆರಳು ತಿಂದ ಆ ಮೊದಲ ಮಷೀನನ್ನು ಮಾತ್ರ ಕಿಟಕಿಯ ಪಕ್ಕ ಇಟ್ಟುಕೊಂಡರು. ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ಅರ್ಜಿ ಟೈಪ್ ಮಾಡಿಸಲು ಬರುತ್ತಿದ್ದ ಪಿಂಚಣಿದಾರರು, ನರ್ಸುಗಳು, ಲೈನ್‌ಮನ್‌ಗಳು ಆದಾಯ ತೆರಿಗೆ ರಿಟರ್ನ್ ತುಂಬಲು ಬಾರದೆ ಒದ್ದಾಡುವುದನ್ನು ನೋಡಿ, ಅದನ್ನೂ ಕಲಿತರು. ಜೂನ್ ಬಂತೆಂದರೆ ಮೆಟ್ಟಿಲ ಬುಡದಲ್ಲಿ ಒಂದು ಕರಿಹಲಗೆ ನಿಲ್ಲುತ್ತಿತ್ತು: "ತೆರಿಗೆ ರಿಟರ್ನ್ ಇಲ್ಲಿ ಉಚಿತ. ಸುಳ್ಳಿಗೆ ಮಾತ್ರ ಜಾಗವಿಲ್ಲ."

ಯಾಕೆ ಸಾಹೇಬರೇ ಏನೂ ತಗೊಳ್ಳಲ್ಲ ಎಂದು ಒಮ್ಮೆ ಕೇಳಿದ್ದೆ. "ಇದ್ದದ್ದು ಇದ್ದ ಹಾಗೆ ಬರೆಯೋಕೆ ಏನು ಫೀಸು ಟೀಚರಮ್ಮ? ಇಲ್ಲದ್ದು ಬರೆಯೋಕಾದ್ರೆ ಫೀಸಾಗುತ್ತೆ. ಅದಕ್ಕೆ ಬೇರೆಯವರಿದ್ದಾರೆ, ಅಲ್ಲಿಗೆ ಹೋಗಿ," ಎಂದರು. ಎಳನೀರು ತಂದುಕೊಟ್ಟರೆ ಅದನ್ನೂ ಒಬ್ಬರೇ ಕುಡಿಯುತ್ತಿರಲಿಲ್ಲ. ಕೊಚ್ಚಿಸಿ, ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಲೋಟದಲ್ಲಿ ಹಂಚಿಬಿಡುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಎಲ್ಲ ತುಂಬಿ ಮುಗಿಸಿದ ಮೇಲೆ ಕನ್ನಡಕ ಏರಿಸಿಕೊಂಡು, ರಿಟರ್ನನ್ನು ಮೊದಲಿನಿಂದ ಕಡೆಯವರೆಗೆ ಕನ್ನಡದಲ್ಲಿ ಗಟ್ಟಿಯಾಗಿ ಓದುವರು. "ನಿಜ ಆದ್ರೆ ಹೂಂ ಅನ್ನಿ. ಸುಳ್ಳಾದ್ರೆ ಉಹೂಂ ಅನ್ನಿ." ಪ್ರತಿ ಸಾಲಿಗೂ ಹೂಂ ಬರಬೇಕು. ಉಹೂಂ ಬಂತೋ, ಎರಡೂ ಕೈ ಕೀಬೋರ್ಡಿನಿಂದ ಮೇಲಕ್ಕೆತ್ತಿ ಕೂತುಬಿಡುವರು. ಎಲ್ಲ ಹೂಂ ಆದ ಮೇಲೂ ಕೊನೆಯ ಗುಂಡಿಯನ್ನು ತಾವು ಒತ್ತುತ್ತಿರಲಿಲ್ಲ. "ನಿಮ್ಮ ಮಾತು, ನಿಮ್ಮ ಬೆರಳು," ಎಂದು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸುವರು. ಓದು ಬಾರದ ಮುದುಕಿಯಾದರೂ ಸರಿ, ಅವಳ ಬೆರಳೇ ಆಗಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮೂರು ವರ್ಷ ಅವರ ಹತ್ತಿರ ಹೋಗಲಿಲ್ಲ. ನಮ್ಮ ಸ್ಟಾಫ್ ರೂಮಿಗೆ ಬೈಕಿನಲ್ಲಿ ಒಬ್ಬ ಬರುತ್ತಿದ್ದ. ರಿಫಂಡ್ ಅಣ್ಣ ಎನ್ನುತ್ತಿದ್ದೆವು. ಎಲ್ಲರ ಸಂಬಳದ ಕಾಗದ, ಪಾಸ್‌ವರ್ಡ್ ತಗೊಂಡು ಹೋಗುವನು. ಎರಡು ತಿಂಗಳಲ್ಲಿ ನಮ್ಮ ಖಾತೆಗೆ ತೆರಿಗೆ ದುಡ್ಡು ವಾಪಸ್ಸು ಬರುವುದು. ಅದರಲ್ಲಿ ಅವನಿಗೊಂದು ಪಾಲು. "ಮನೇಲಿ ವಯಸ್ಸಾದವರು ಯಾರಿದ್ದಾರೆ ಮೇಡಂ?" ಎಂದು ಮೊದಲ ವರ್ಷ ಕೇಳಿದ್ದ. ಅಮ್ಮ ಇದ್ದಾರೆ ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ, ಅದಕ್ಕೇ ಕೇಳಲಿಲ್ಲ. ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಉಕ್ತಲೇಖನ ಬರೆಸುವ ಹೆಂಗಸು ನಾನು!

ನಾಲ್ಕನೇ ವರ್ಷ ಅವನು ಪಾಲು ಜಾಸ್ತಿ ಕೇಳಿದ. ನನಗೆ ಉರಿದುಹೋಯಿತು. ಬಿಟ್ಟಿ ಮಾಡಿಕೊಡುವವರು ಇರುವಾಗ ಇವನಿಗೇಕೆ ಕೊಡಬೇಕು ಎಂದು ಸಾಹೇಬರ ಹತ್ತಿರ ಹೊರಟೆ. ಪುಣ್ಯಾತ್ಗಿತ್ತಿಯಾಗಿ ಹೋದೆ ಎಂದು ಯಾರೂ ತಿಳಿಯಬೇಡಿ, ಜಿಪುಣತನಕ್ಕೆ ಹೋದವಳು ನಾನು. ತಿಪಟೂರಿನಲ್ಲಿ ಕನ್ನಡಕ ಮಾಡಿಸಬೇಕಿತ್ತೆಂದು ಅಮ್ಮನೂ ಜೊತೆಗೆ ಬಂದಳು. ಎಪ್ಪತ್ತೆರಡು ವರ್ಷದ ಅಮ್ಮ, ಕಂಕುಳಲ್ಲಿ ಎರಡು ಎಳನೀರು ಇರುಕಿಕೊಂಡು, ನನಗಿಂತ ಮುಂಚೆ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂತಿದ್ದಳು.

ಸಾಹೇಬರು ಮೊದಲು ಹಳೆಯ ರಿಟರ್ನ್ ತೆಗೆದರು. "ಹೋದ ವರ್ಷದ್ದು ಒಂದ್ಸಲ ಓದ್ಬಿಡ್ತೀನಿ, ಆಮೇಲೆ ಈ ವರ್ಷದ್ದು." ಹೆಸರು ಓದಿದರು, ಹೂಂ ಎಂದೆ. ಸಂಬಳ ಓದಿದರು, ಹೂಂ. ಮುಂದಿನ ಸಾಲಿಗೆ ಬಂದವರು ನನ್ನ ಮುಖ ನೋಡಿ, ಆದರೂ ದನಿ ತಗ್ಗಿಸದೆ ಓದಿದರು: "ಅವಲಂಬಿತರು, ತಾಯಿ. ತೀವ್ರ ಅಂಗವಿಕಲರು. ಅವರ ಆರೈಕೆಯ ಖರ್ಚಿಗೆ ತೆರಿಗೆ ವಿನಾಯ್ತಿ."

ನನ್ನ ಬಾಯಿಂದ ಹೂಂ ಬರಲಿಲ್ಲ, ಉಹೂಂ ಕೂಡ ಬರಲಿಲ್ಲ. ಬಂದದ್ದು ಬೆಂಚಿನಿಂದ.

"ಯಾರಿಗೆ ಏನಾಗೈತಂತೆ ಸಾಹೇಬ್ರೇ?"

"ನಿಮಗೇ ತಾಯಿ. ಎದ್ದು ಓಡಾಡೋ ಹಾಗಿಲ್ಲ ಅನ್ನೋ ಥರ ಬರೆದಿದ್ದಾರೆ."

ಅಮ್ಮ ಎದ್ದು ನಿಂತಳು. "ಉಹೂಂ! ಯಾವನ್ಲಾ ಅವ್ನು ನನ್ ಕಾಲು ಮುರ್ದೋನು? ಈಗ್ತಾನೆ ಅಷ್ಟು ಮೆಟ್ಲು ಹತ್ಕಂಡ್ ಬಂದಿವ್ನಿ!" ಕಾಯುತ್ತಿದ್ದವರೆಲ್ಲ ನಕ್ಕರು. ಅಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ, "ನೀನೇ ಬರ್ಸಿದ್ಯೇನೇ ಇದ್ನ?" ಎಂದಳು. ಸಾಹೇಬರ ಎರಡೂ ಕೈ ಆಗಲೇ ಗಾಳಿಯಲ್ಲಿದ್ದವು, ಕಿರುಬೆರಳು ಮಾತ್ರ ಎಂದಿನಂತೆ ನೆಟ್ಟಗಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮೂರು ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಬೆಳಗಾದರೆ ಏಣಿ ಹಾಕಿ ಅಟ್ಟ ಹತ್ತುವುದು, ಕೊಬ್ಬರಿಗೆಂದು ವರ್ಷವೆಲ್ಲ ಒಣಗಿಸಿದ್ದ ಕಾಯಿಗಳನ್ನು ಒಂದೊಂದೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೆಳಗೆ ಹಾಕುವುದು, ಮತ್ತೆ ಇಳಿಯುವುದು, ಮತ್ತೆ ಹತ್ತುವುದು. ಬೀದಿಯಲ್ಲಿ ಹೋಗುವವರು ಯಾಕಜ್ಜಿ ಈ ವಯಸ್ಸಲ್ಲಿ ಎಂದರೆ, "ಸರ್ಕಾರದೋರು ನೋಡ್ಲಿ ಅಂತ ಕಣಪ್ಪ!" ನಾಲ್ಕನೇ ದಿನ ನನ್ನ ಮುಂದೆ ನಿಂತು ಹೇಳಿದಳು: "ಅಟ್ಟದ ಕೊಬ್ಬರಿ ಪೂರಾ ಮಾರ್ಬುಡು. ನನ್ ಕಾಲು ಬುಡಿಸ್ಕಂಡು ಬಾ." ಗಿರವಿ ಇಟ್ಟ ಓಲೆ ಬಿಡಿಸಿಕೊಂಡು ಬಾ ಎನ್ನುವ ಹಾಗೆ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮತ್ತೆ ಮೆಟ್ಟಿಲು ಹತ್ತುವಾಗ ಸಾಹೇಬರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಎರಡು ದಾರಿ ಇದೆ ಟೀಚರಮ್ಮ. ನೋಟಿಸ್ ಬರೋವರೆಗೂ ಕಾಯ್ತಾ ಕೂತ್ಕೊಳ್ಳೋದು ಒಂದು. ನಾವೇ ಮುಂದಾಗಿ ತಪ್ಪಾಗಿದೆ ಅಂತ ಹೇಳಿ, ತಗೊಂಡಿದ್ದನ್ನ ದಂಡದ ಸಮೇತ ಕಟ್ಟಿಬಿಡೋದು ಇನ್ನೊಂದು. ಹೇಳಿದ್ದೆನಲ್ಲ ಆಗಲೇ, ಉಜ್ಜಬೇಡಿ, ಹೊಸ ಹಾಳೆ ಹಾಕಿ." ಇಪ್ಪತ್ತು ವರ್ಷದ ಹಿಂದೆ ಹೇಳಿದ್ದ ಮಾತು ಅವರಿಗೆ ನೆನಪಿತ್ತು.

ಸುದ್ದಿ ಸ್ಕೂಲಿಗೆ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಅಲ್ಲಿ ಕೂತಿದ್ದವರ ಪೈಕಿ ಒಬ್ಬರ ಹೆಂಡತಿ ಕಾಗದದಲ್ಲಿ ಕುರುಡಿ, ಇನ್ನೊಬ್ಬರ ಮಗನಿಗೆ ವಾಸಿಯಾಗದ ಕಾಯಿಲೆ. ಮಗ ಮಾತ್ರ ಊರಲ್ಲಿ ಕಬಡ್ಡಿ ಆಡಿಕೊಂಡು ಗುಂಡುಕಲ್ಲಿನಂತಿದ್ದ. ಹೆಡ್‌ಮಾಸ್ಟ್ರು ಕರೆದು ಹೇಳಿದರು: "ನೋಡಿ ಮೇಡಂ, ನೀವೊಬ್ರು ಒಪ್ಕೊಂಡ್ರೆ ನಮ್ಮೆಲ್ಲರ ಕುತ್ತಿಗೆಗೂ ಬರುತ್ತೆ. ನಮ್ಮಂಥ ಚಿಕ್ಕವರನ್ನ ಯಾರು ನೋಡ್ತಾರೆ, ಸುಮ್ನಿರಿ." ನನಗೂ ಭಯವಿತ್ತು. ಆದರೆ ಆ ಮಾತು ಕೇಳಿದ ಮೇಲೆ ಭಯಕ್ಕಿಂತ ಸಿಟ್ಟು ಹೆಚ್ಚಾಯಿತು. "ನಿಮ್ಮ ಕುತ್ತಿಗೆ ನೀವು ನೋಡ್ಕೊಳ್ಳಿ ಸಾರ್. ನಾನು ನಮ್ಮಮ್ಮನ ಕಾಲು ನೋಡ್ಕೋಬೇಕು," ಎಂದು ಹೇಳಿ ಬಂದೆ.

ಹೊಸ ರಿಟರ್ನ್ ಹಾಕುವ ದಿನ ರಿಫಂಡ್ ಅಣ್ಣನೇ ಇಬ್ಬರನ್ನು ಜೊತೆಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ. "ನಿಮಗ್ಯಾಕೆ ಸಾಹೇಬ್ರೇ ಇಲ್ಲದ ಉಸಾಬರಿ? ನಾಳೆಯಿಂದ ಆ ಬೋರ್ಡ್ ಇಲ್ಲಿ ಇರಬಾರದು," ಎಂದ. ಸಾಹೇಬರು ಎದ್ದು, ತಮ್ಮ ಎದುರಿನ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಅವನ ಮುಂದಿಟ್ಟರು.

"ಕೂತ್ಕೊಳ್ಳಿ. ನಿಮ್ಮ ರಿಟರ್ನೂ ಫ್ರೀಯಾಗೇ ತುಂಬಿಕೊಡ್ತೀನಿ. ನಿಮ್ಮ ಆದಾಯ ಎಷ್ಟು, ಎಲ್ಲಿಂದ ಬಂತು, ನಾನು ಗಟ್ಟಿಯಾಗಿ ಓದ್ತೀನಿ. ನೀವು ಹೂಂ ಅನ್ನಿ, ಸಾಕು."

ಅವನು ಕೂರಲಿಲ್ಲ. "ಮುದುಕ ಆದ್ರಿ ಅಂತ ಬಿಡ್ತಾ ಇದೀನಿ," ಎಂದು ಗೊಣಗಿಕೊಂಡು ಇಳಿದುಹೋದ. ಸಾಹೇಬರು ಲ್ಯಾಪ್‌ಟಾಪಿಗೆ ತಿರುಗಿದರು. ಅಮ್ಮನೂ ಬಂದಿದ್ದಳು, ಬರದೆ ಇರುತ್ತಾಳೆಯೇ? ಮೂರು ವರ್ಷದ್ದೂ ಓದಿದರು. ಅಂಗವಿಕಲ ಅವಲಂಬಿತರು ಯಾರೂ ಇಲ್ಲ ಎಂಬ ಸಾಲು ಬಂದಾಗಲೆಲ್ಲ ಕೆಳಗಿನ ಗೋಡೌನಿಗೆ ಕೇಳುವಂತೆ ಹೂಂ ಎಂದವಳು ಅವಳೇ. ಕೊಬ್ಬರಿ ಮಾರಿದ ದುಡ್ಡು ಕಟ್ಟಿ, ಗುಂಡಿ ಒತ್ತಿದ್ದು ನಾನು.

ಮಾರನೆಯ ದಿನ ನೋಡಿದರೆ ಯಾರೋ ಹಲಗೆಗೆ ಟಾರು ಬಳಿದುಹೋಗಿದ್ದರು. ಪೊಲೀಸಿಗೆ ಹೇಳೋಣ ಎಂದೆ. "ಬೋರ್ಡು ಸವೆದು ಬೆಳ್ಳಗಾಗಿತ್ತು, ಸೀಮೆಸುಣ್ಣ ಕಾಣ್ತಿರಲಿಲ್ಲ. ಪಾಪ, ಬಿಟ್ಟಿಯಾಗಿ ಕಪ್ಪು ಬಣ್ಣ ಹೊಡ್ಕೊಟ್ಟಿದ್ದಾರೆ," ಎಂದರು ಸಾಹೇಬರು. ಟಾರು ಒಣಗಿದ ಮೇಲೆ ಅದರ ಮೇಲೆಯೇ, ಮೊದಲಿಗಿಂತ ದಪ್ಪ ಅಕ್ಷರದಲ್ಲಿ, ಅದೇ ಎರಡು ಸಾಲು ಬರೆದರು. ಆ ವರ್ಷ ಬೇರೆ ಬೇರೆ ಸ್ಕೂಲಿನವರಿಗೆ ನೋಟಿಸ್ ಬರತೊಡಗಿತು. ನಮ್ಮ ಸ್ಟಾಫ್ ರೂಮಿನವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮಳೆಯಿಲ್ಲದ ದಿನ ಕೊಡೆ ಅಡ್ಡ ಹಿಡಿದುಕೊಂಡು ಬಂದವರು ಹೆಡ್‌ಮಾಸ್ಟ್ರು. ಸಾಹೇಬರು ಅವರಿಗೂ ಎಳನೀರು ಕೊಟ್ಟರು.

ಹೋದ ವರ್ಷ ಸಾಹೇಬರು ಹೋದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ನೋಡಲು ಹೋದಾಗ ಈ ಸಲ ಬೋರ್ಡ್ ಇಟ್ಟಿರಾ ಎಂದಷ್ಟೇ ಕೇಳಿದರು. ಅವರ ಹೆಂಡತಿ ಇನ್‌ಸ್ಟಿಟ್ಯೂಟಿನ ಬೀಗದ ಕೈ ನನ್ನ ಕೈಗಿಟ್ಟರು. ಈಗ ಜುಲೈ ತಿಂಗಳ ಭಾನುವಾರಗಳಲ್ಲಿ ಆ ಬೆಂಚಿನ ಎದುರು ಕೂರುವವಳು ನಾನು. ನನಗೆ ಅವರ ಕೈಯ ವೇಗ ಇಲ್ಲ. ಗಂಟಲು ಮಾತ್ರ ಇದೆ, ಗಟ್ಟಿಯಾಗಿಯೇ ಓದುತ್ತೇನೆ.

ಆಸ್ಪತ್ರೆಯ ಗಲಾಟೆಯಲ್ಲಿ ಸಾಹೇಬರು ತೆರಿಗೆ ಹಿಡಿಯಬೇಡಿ ಎಂದು ಬ್ಯಾಂಕಿಗೆ ಪ್ರತಿ ವರ್ಷ ಕೊಡುವ ಕಾಗದ ಕೊಟ್ಟಿರಲಿಲ್ಲ. ಅವರ ಠೇವಣಿಯ ಬಡ್ಡಿಯಲ್ಲಿ ತೆರಿಗೆ ಹಿಡಿದುಬಿಟ್ಟಿದ್ದರು. ರಿಟರ್ನ್ ತುಂಬಿದರೆ ವಾಪಸ್ಸು ಬರುವ ದುಡ್ಡು. "ಇರ್ಲಿ ಬಿಡು ಬೇಟಿ, ಅಷ್ಟಕ್ಕೆ ಯಾಕೆ," ಎಂದರು ಅವರ ಹೆಂಡತಿ. ಊರಿನವರಿಗೆ ಬರಬೇಕಾದ ಒಂದು ರೂಪಾಯಿಯನ್ನೂ ಬಿಡದ ಮನುಷ್ಯನದ್ದು ನಾನು ಬಿಡುತ್ತೇನೆಯೇ? ಹಟ ಹಿಡಿದೆ. ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರೇ ತಂದುಕೊಟ್ಟರು. ವಾರಸುದಾರರೆಂದು ಅವರ ಹೆಸರು ಸೇರಿಸಲು ಒಂದು ತಿಂಗಳು ಅಲೆದೆ.

ಕಡೆಯ ಭಾನುವಾರ ಅವರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅಮ್ಮ ಪಕ್ಕದಲ್ಲಿ ಕೂತಳು. ಓದತೊಡಗಿದೆ. ರಿಟರ್ನ್ ಸಲ್ಲಿಸುವವರು, ಪತ್ನಿ. "ಹೂಂ." ಠೇವಣಿಯ ಬಡ್ಡಿ. "ಹೂಂ." ತೆರಿಗೆದಾರರು, ಮೃತರು.

ಅವರು ಕಿಟಕಿಯ ಪಕ್ಕದ ಮಷೀನನ್ನು ನೋಡುತ್ತಿದ್ದರು. "ಉಹೂಂ," ಎಂದರು.

ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಇನ್ನೊಮ್ಮೆ ಓದಿದೆ, ಮೆಲ್ಲಗೆ. ಇಲ್ಲವೆಂದು ತಲೆಯಾಡಿಸಿದರು. ಅಮ್ಮ ಅವರ ಕೈ ಹಿಡಿದುಕೊಂಡು, "ಬುಡೇ ಮಗಾ, ಮುಚ್ಚು ಅದ್ನ," ಎಂದಳು. ಮುಚ್ಚಿದೆ. ರಿಟರ್ನ್ ಹಾಕುವ ಕಡೆಯ ದಿನ ಕಳೆದುಹೋಯಿತು, ಆಮೇಲೂ ನಾನದನ್ನು ತೆರೆಯಲಿಲ್ಲ. ಬರುವ ದುಡ್ಡನ್ನು ಸರ್ಕಾರಕ್ಕೆ ಬಿಟ್ಟಿರಲ್ಲ ಮೇಡಂ ಎಂದು ಹೆಡ್‌ಮಾಸ್ಟ್ರು ಲೊಚಗುಟ್ಟಿದರು. ಇಟ್ಟುಕೊಳ್ಳಲಿ ಸರ್ಕಾರ, ನಮಗೇನೂ ಬೇಡ. ಹೂಂ ಬಾರದ ಸಾಲಿಗೆ ಗುಂಡಿ ಒತ್ತಿಸಬಾರದೆಂದು ಕಲಿಸಿದವರು ಸಾಹೇಬರು. ಅವರದೇ ರಿಟರ್ನಿನಲ್ಲಿ ಆ ಮಾತು ಮುರಿಯಲು ನನ್ನ ಕೈಲಾಗುವುದಿಲ್ಲ.