ಅರ್ಧ ಸಾಲಿನ ಧಾಟಿ

ಬಸ್ಸು ಕೊಪ್ಪಳದಾಚೆ ಕೆಟ್ಟು ನಿಲ್ಲಬಹುದಿತ್ತು. ಗಂಗಾವತಿ ಮುಟ್ಟುವಷ್ಟರಲ್ಲಿ ಅಕಾಲದ ಮಳೆ ಬಂದು ಬ್ಯಾಂಡಿನವರು ವಾದ್ಯ ಮುಚ್ಚಿಕೊಂಡು ಮನೆಗೆ ಹೋಗಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಜ್ವರವೆಂದು ರಜೆ ಹಾಕಿದ ನನ್ನನ್ನು ನಮ್ಮ ಶಾಲೆಯ ಹೆಡ್ ಮಾಸ್ತರರು ಅಲ್ಲೇ ಕೂತು ನೋಡಬಹುದಿತ್ತು. ಮನೆಯಲ್ಲಿ ಗ್ಯಾಸ್ ಆರಿಸಿದ್ದೆನೋ ಇಲ್ಲವೋ. ಇಷ್ಟನ್ನೂ ನಮ್ಮೂರು ತಳಕಲ್ ಬಿಡುವ ಮೊದಲೇ ಯೋಚಿಸಿ ಮುಗಿಸಿದ್ದೆ. ದಾರಿಯಲ್ಲಿ ಹೊಸದು ಹುಡುಕುವುದಷ್ಟೇ ಬಾಕಿ. ಹೆಂಡತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ಹೋಗುವ ಕಾರಣ ನಮ್ಮೂರ ಭಜನಾ ಮೇಳದ ಅಜ್ಜ. ತಾಳ ಹಿಡಿದು ಮುಂದೆ ಹಾಡುವವರು ಅವರು, ಹಾರ್ಮೋನಿಯಂ ಪೇಟಿ ನುಡಿಸುವವನು ನಾನು, ಉಳಿದವರು ಹಿಂದೆ ದನಿಗೂಡಿಸುವವರು. ತಾಳ ಯಾರ ಕೈಯಲ್ಲಿದೆಯೋ ಅವರೇ ಮೇಳಕ್ಕೆ ಹಿರಿಯರು. ಅವರು ಸಾಲನ್ನು ಪೂರ್ತಿ ಹಾಡಿ ಕೊಟ್ಟ ಮೇಲೆಯೇ ನಾವು ಎತ್ತಿಕೊಳ್ಳಬೇಕು. ನಡುವೆ ಬಾಯಿ ಹಾಕುವುದೆಂದರೆ ಹಿರಿಯರ ಊಟದ ಗಂಗಾಳಕ್ಕೆ ಕೈ ಹಾಕಿದಂತೆ. ಆ ವರ್ಷ ಅಜ್ಜನ ಉಸಿರು ಸಾಲಿನ ಕೊನೆ ಮುಟ್ಟದಾಯಿತು. ಒಂದು ಸೋಮವಾರ ಭಜನೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

“ಉಸಿರು ಸಾಲವಲ್ದು ತಮ್ಮಾ. ಮುಂದಿನ ಸೋಮವಾರ ಒಂದು ನೋಡತೀನಿ. ಆಗಲಿಲ್ಲಂದ್ರ ತಾಳ ನಿನಗ ಕೊಟ್ಟು ಹಿಂದ ಕುಂದರತೀನಿ.”

ನನಗೆ ತಾಳ ಬೇಡವಾಗಿತ್ತು. ಅಜ್ಜನಿಗೆ ಒಗ್ಗುವ ಹೊಸ ಧಾಟಿಯೊಂದು ಬೇಕಾಗಿತ್ತು. ನಾಲ್ಕು ದಿನ ಪೇಟಿ ಮುಂದೆ ಕೂತೆ. ಸಾಲು ಗಿಡ್ಡ ಮಾಡಿದರೆ ಪದ ಮಗ್ಗಿಯಂತೆ ಕೇಳಿಸುತ್ತಿತ್ತು. ಐದನೆಯ ದಿನ, ಬೇರೆಯವರು ನುಡಿಸುವುದನ್ನು ಕೇಳಿದರೆ ಏನಾದರೂ ಹೊಳೆದೀತೆಂದು ಹೆಂಡತಿಯೇ ನನ್ನನ್ನು ಗಂಗಾವತಿಗೆ ಹೊರಡಿಸಿದಳು. ಲಗ್ನದ ದಿನಗಳು ಶುರುವಾಗುವ ಮುಂಚೆ ಅಲ್ಲಿಯ ಬಯಲೊಂದರಲ್ಲಿ ಬ್ಯಾಂಡಿನವರು ಸರದಿಯಂತೆ ನುಡಿಸುತ್ತಿದ್ದರು. ಹೆಣ್ಣು-ಗಂಡಿನ ಕಡೆಯವರು ಕೇಳಿ ಗೊತ್ತು ಮಾಡಿಕೊಳ್ಳಲಿ ಎಂದು.

ಕುಷ್ಟಗಿಯವರ ಡ್ರಮ್ಮಿಗೆ ಎದೆಯೇ ನಡುಗಿತು. ಕೊಪ್ಪಳದವರ ಜರಿಯ ಕೋಟು ಚೆನ್ನಾಗಿತ್ತು. ನಾನು ಗಡಿಯಾರ ನೋಡುತ್ತಿದ್ದೆ.

“ಹಾಡು ಕೇಳಾಕ ಬಂದೀರೋ, ಬಸ್ ಕಾಯಾಕ ಬಂದೀರೋ?” ಎಂದಳು ಹೆಂಡತಿ.

ಕೊನೆಗೆ ಗಂಗಾವತಿಯವರದೇ ಬ್ಯಾಂಡು ಬಂತು. ಮುಂದೆ ಬಿಳಿ ಗಡ್ಡದ ಸಾಹೇಬರು ಕ್ಲಾರಿನೆಟ್ ಹಿಡಿದಿದ್ದರು, ಪಕ್ಕದಲ್ಲಿ ಅವರ ತಮ್ಮ ಇನ್ನೊಂದನ್ನು. ನಾದ ಕಾಲುವೆ ನೀರಿನಂತೆ ಎಲ್ಲೂ ಕಡಿಯದೆ ಬರುತ್ತಿತ್ತು. ಈ ವಯಸ್ಸಿನಲ್ಲಿ ಇಷ್ಟು ಉಸಿರೇ ಎಂದು ಅವರ ಗಲ್ಲವನ್ನೇ ನೋಡಿದೆ. ಸಾಲಿನ ನಡುವಿಗೆ ಗಲ್ಲ ಇಳಿದಿತ್ತು, ನಾದ ನಿಂತಿರಲಿಲ್ಲ. ಅವರು ಚಹಾ ಕುಡಿಯುತ್ತಿದ್ದಾಗ ಹೋಗಿ ಆ ಉಸಿರಿನ ಗುಟ್ಟು ಕೇಳಿದೆ.

“ದಮ್ಮು ಎಲ್ಲೈತ್ರಿ ಮಾಸ್ತರ? ಖಾಲಿ ಆಗೋ ಮುಂಚೇನ ಬಿಟ್ಟುಬಿಡತೀನಿ, ತಮ್ಮ ಹಿಡಿತಾನ. ಪೂರಾ ಖಾಲಿ ಆಗೋತನಕ ಊದಿದ್ರ ಜನಕ್ಕ ಗೊತ್ತಾಗತೈತಿ.”

ಬಿಡುವ ಹೊತ್ತು ತಮ್ಮನಿಗೆ ಹೇಗೆ ತಿಳಿಯುತ್ತದೆ ಎಂದೆ. ಇಷ್ಟು ವರ್ಷ ಅವನು ನೋಡಿರುವುದು ಅಣ್ಣನ ಮುಖವನ್ನೇ ಎಂದು ನಕ್ಕರು.

ತಿರುಗಿ ಬರುವ ಬಸ್ಸಿನಲ್ಲಿ ಧಾಟಿ ತಾನಾಗಿ ಬಂತು. ಸಾಲು ಅರ್ಧದವರೆಗೆ ಏರಿ ಒಂದು ಸ್ವರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಿಂದಿನವರು ಹಿಡಿದು ಇಳಿಸುತ್ತಾರೆ. ಹೆಂಡತಿಯ ಚೀಲದ ಮೇಲೆ ಬೆರಳಾಡಿಸುತ್ತ ಗುನುಗಿದೆ.

“ಧಾಟಿ ಛಲೋ ಐತಿ,” ಎಂದಳು. “ಅರ್ಧಕ್ಕ ಬಿಡ್ರಿ ಅಂತ ಅಜ್ಜಾರಿಗೆ ಹೇಳೋರು ಯಾರು?”

ಆ ಚಿಂತೆಯೊಂದು ನನಗೆ ಹೊಳೆದಿರಲಿಲ್ಲ. ಧಾಟಿಯೇ ಹಾಗಿದೆ, ನಡುವೆ ಒಡೆಯುತ್ತದೆ, ಈಗ ಗಂಗಾವತಿ ಕಡೆ ಎಲ್ಲರೂ ಹೀಗೇ ಹಾಡುತ್ತಾರೆ ಎಂದು ಅಜ್ಜನಿಗೆ ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿ, ಇನ್ನೊಮ್ಮೆ ಬಾರಿಸು ಎಂದರು.

ಸೋಮವಾರ ಎರಡು ನುಡಿ ಸುಸೂತ್ರವಾಗಿ ದಾಟಿದವು. ಅಜ್ಜ ಅರ್ಧಕ್ಕೆ ಬಿಟ್ಟರು, ನಾವು ಹಿಡಿದೆವು, ಜನ ತಲೆದೂಗಿದರು. ಮೂರನೆಯ ನುಡಿಯಲ್ಲಿ ಅವರ ಕೊರಳ ನರ ಉಬ್ಬಿದ್ದು ಕಂಡು ಉಸಿರು ತೀರಿತೆಂದುಕೊಂಡೆ. ಗಟ್ಟಿಯಾಗಿ ಸಾಲು ಎತ್ತಿಕೊಂಡೇಬಿಟ್ಟೆ. ಅಜ್ಜ ಇನ್ನೂ ಬಿಟ್ಟಿರಲಿಲ್ಲ. ಎರಡು ದನಿ ಡಿಕ್ಕಿ ಹೊಡೆದವು, ತಬಲಾದವನು ಕೈ ನಿಲ್ಲಿಸಿದ. ಅಷ್ಟೆಲ್ಲ ಚಿಂತೆಯಲ್ಲಿ ಕೆಟ್ಟದ್ದು ಆ ಒಂದು ಸಾಲು, ಕೆಡಿಸಿದವನು ನಾನು.

ಅಜ್ಜ ತಾಳದ ಅಂಚಿನಿಂದ ನನ್ನ ಮೊಣಕಾಲಿಗೆ ಮೆಲ್ಲಗೆ ತಟ್ಟಿದರು. “ಅವಸರ ಮಾಡಬ್ಯಾಡೋ ತಮ್ಮಾ, ಇನ್ನೂ ಉಸಿರೈತಿ,” ಎಂದು ಆ ಸಾಲನ್ನು ಮತ್ತೆ ಮೊದಲಿನಿಂದ ಹಿಡಿದರು.